ಬೆಲೆ ಮುಟ್ಟದೆ ಬಡವರ ಕೈ ಹಿಡಿಯೋಕೆ ಆಗಲ್ವಾ?

ಮುಳಬಾಗಿಲು ಮೂಡಲಸೀಮೆ:

ಎಲ್ಲರಿಗೂ ನಮಸ್ಕಾರ. ಮುಕ್ತ ಮಾರುಕಟ್ಟೆ ಅಂದರೆ ಶ್ರೀಮಂತರ ಪರ, ಸರ್ಕಾರ ಅಂದರೆ ಬಡವರ ಪರ ಅಂತ ಇಲ್ಲಿ ಬಹಳ ಜನ ಬರೆಯುತ್ತಾರೆ. ನನಗೆ ಇದು ಒಪ್ಪಿಗೆ ಇಲ್ಲ. ನಮ್ಮ ಸೀಮೆಯ ಬೆಳೆಗಳನ್ನೇ ಇಟ್ಟುಕೊಂಡು ಮಾತಾಡೋಣ.

ಮೊದಲು ಗುಲಾಬಿ ಈರುಳ್ಳಿ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ ಈ ಬೆಂಗಳೂರು ರೋಸ್‌ಗೆ 2015ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಸೀಮೆಯ ವಿಶೇಷ ಬೆಳೆ ಅನ್ನುವ ಗುರುತು, ಸಿಕ್ಕಿತು. ಸಣ್ಣ ಗಡ್ಡೆ, ಘಾಟು ಜಾಸ್ತಿ. ನಮ್ಮ ಅಡುಗೆಮನೆಯಲ್ಲಿ ಇದರ ಬಳಕೆ ತೀರಾ ಕಡಿಮೆ. ಮಲೇಷ್ಯಾ, ಸಿಂಗಾಪುರದ ಕಡೆಯವರು ಕೊಳ್ಳುತ್ತಾರೆ ಅಂತಲೇ ರೈತರು ಹಾಕುತ್ತಾರೆ. 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಈರುಳ್ಳಿ ರಫ್ತು ನಿಲ್ಲಿಸಿತು. ದೊಡ್ಡ ಈರುಳ್ಳಿಯ ಜೊತೆ ಇದಕ್ಕೂ ಬಾಗಿಲು ಮುಚ್ಚಿತು. ಅಕ್ಟೋಬರ್‌ನಲ್ಲಿ 10,000 ಟನ್ನಿಗೆ ಅನುಮತಿ ಕೊಟ್ಟರು, ಅದೂ ಚೆನ್ನೈ ಬಂದರಿನಿಂದ ಮಾತ್ರ. 2023ರ ಆಗಸ್ಟ್‌ನಲ್ಲಿ 40% ರಫ್ತು ಸುಂಕ ಹಾಕಿದರು. ಗುಲಾಬಿಗೆ ವಿನಾಯಿತಿ ಸಿಗೋಕೆ ಸೆಪ್ಟೆಂಬರ್ ಕೊನೆ ಆಯಿತು. ದೆಹಲಿಯಲ್ಲಿ ಈರುಳ್ಳಿ ಅಗ್ಗ ಆಗಲಿ ಅಂತ ದೆಹಲಿಯವರು ತಿನ್ನದ ಈರುಳ್ಳಿಯನ್ನು ತಡೆದರು. ಇದರಿಂದ ಯಾವ ಬಡವನ ತಟ್ಟೆ ತುಂಬಿತು, ಹೇಳಿ.

ಎರಡನೆಯದು ತೋತಾಪುರಿ ಮಾವು. 2025ರ ಜೂನ್‌ನಲ್ಲಿ ಆಂಧ್ರದ ಚಿತ್ತೂರು ಜಿಲ್ಲಾಡಳಿತ ಹೊರ ರಾಜ್ಯದ ತೋತಾಪುರಿ ಒಳಗೆ ಬರಬಾರದು ಅಂತ ಆದೇಶ ಮಾಡಿತು. ಚಿತ್ತೂರಿನ ತಿರುಳು ಕಾರ್ಖಾನೆಗಳನ್ನೇ ನಂಬಿದ್ದ ಶ್ರೀನಿವಾಸಪುರದ ಬೆಳೆಗಾರರು ಬೀದಿಗೆ ಬಂದರು. ದೇಶದ ಒಳಗೆ ವ್ಯಾಪಾರ ಮುಕ್ತವಾಗಿರಬೇಕು ಅಂತ ಸಂವಿಧಾನದ 301ನೇ ವಿಧಿ ಹೇಳುತ್ತದೆ. ಆಂಧ್ರ ಸರ್ಕಾರ ತನ್ನ ರೈತರಿಗೆ ಒಳ್ಳೇದು ಮಾಡೋಕೆ ಹೊರಟಿತ್ತು, ನಿಜ. ಆದರೆ ಆ ಒಳ್ಳೇದರ ಬಿಲ್ಲು ಗಡಿಯ ಈಚೆಗಿನ ರೈತನ ಕೈಗೆ ಬಂತು.

ನಾನು ದುಡಿದು ಬೆಳೆದಿದ್ದನ್ನು ಒಪ್ಪಿ ಕೊಳ್ಳುವವನಿಗೆ ಮಾರುವುದು ನನ್ನ ಹಕ್ಕು. ಇದನ್ನು ನಾನು ಲಾಭದ ಲೆಕ್ಕದಲ್ಲಿ ಕೇಳುತ್ತಿಲ್ಲ, ನ್ಯಾಯದ ಲೆಕ್ಕದಲ್ಲಿ ಕೇಳುತ್ತಿದ್ದೇನೆ. ಬಡವರಿಗೆ ಸಹಾಯ ಬೇಡ ಅಂತಲೂ ಹೇಳುತ್ತಿಲ್ಲ. ಖಂಡಿತ ಮಾಡಬೇಕು. ಅದನ್ನು ಎಲ್ಲರ ತೆರಿಗೆಯಿಂದ ಮಾಡಿ. ಬೆಳೆದವನ ಬೆಲೆ ಒಡೆದು ಮಾಡಬೇಡಿ.

ಶಿಡ್ಲಘಟ್ಟ ರೇಷ್ಮೆಮನೆ:

ಅಣ್ಣ, ಈರುಳ್ಳಿ ವಿಷಯದಲ್ಲಿ ನಿಮ್ಮ ಮಾತು ನೂರಕ್ಕೆ ನೂರು ಸರಿ. ಆದರೆ ನಮ್ಮ ಗೂಡಿನ ಕಥೆ ಬೇರೆ.

1959ರ ಕಾಯ್ದೆ ಪ್ರಕಾರ ರೇಷ್ಮೆಗೂಡನ್ನು ಸರ್ಕಾರದ ಗೂಡಿನ ಮಾರುಕಟ್ಟೆಯಲ್ಲೇ ಮಾರಬೇಕು. ಎಲ್ಲಿ ಬೇಕಾದರೂ ಮಾರುವ ಸ್ವಾತಂತ್ರ್ಯ ನಮಗಿಲ್ಲ. ನಿಮ್ಮ ಲೆಕ್ಕದಲ್ಲಿ ಇದು ತಪ್ಪು. ಆದರೆ ನಮ್ಮಮ್ಮನನ್ನು ಕೇಳಿ. ಗೂಡಿನಿಂದ ನೂಲು ತೆಗೆಯುವ ರೀಲರ್ ಮನೆ ಬಾಗಿಲಿಗೆ ಬಂದು ಕೊಳ್ಳುತ್ತಿದ್ದರೆ ತಕ್ಕಡಿ ಅವನದು, ದರ ಅವನದು, ದುಡ್ಡು ಕೊಡುವ ದಿನವೂ ಅವನದು. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ತೂಕ ಎಲ್ಲರ ಎದುರು ಆಗುತ್ತದೆ. ಈಗ ಇ-ಹರಾಜು ಇದೆ. ಯಾರ ಲಾಟು, ಯಾವ ಜಾತಿಯವರು, ಯಾರ ಕಡೆಯವರು ಅಂತ ನೋಡಿ ದರ ಕೂಗುವ ಹಾಗಿಲ್ಲ. ಈ ಚೌಕಟ್ಟು ತಾನಾಗಿ ಬೆಳೆದಿಲ್ಲ. ಸರ್ಕಾರ ಕಟ್ಟಿದ್ದು.

ಇನ್ನೊಂದು ವಿಷಯ. 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು 30%ನಿಂದ 5%ಗೆ ಇಳಿಸಿದರು. ಅದು ಮುಕ್ತ ಮಾರುಕಟ್ಟೆ ಕಡೆಗೆ ಇಟ್ಟ ಹೆಜ್ಜೆಯೇ ಅಲ್ವಾ? ಚೀನಾ ನೂಲು ಬಂತು, ಗೂಡಿನ ದರ ಕುಸಿಯಿತು. ಹಿಪ್ಪುನೇರಳೆ ತೋಟ ಕಿತ್ತವರನ್ನು ಈ ಕಡೆಯವರೆಲ್ಲ ನೋಡಿದ್ದಾರೆ. 2013ರಲ್ಲಿ ಸುಂಕವನ್ನು 15%ಗೆ ಏರಿಸಿದರು. ಒಂದೇ ಬಜೆಟ್ ಸಾಲಿನಿಂದ ಬದುಕು ತಲೆಕೆಳಗಾದಾಗ, ಮಾರುಕಟ್ಟೆ ಸರಿ ಮಾಡಿಕೊಳ್ಳುತ್ತದೆ ಬಿಡಿ ಅಂತ ಕಾಯೋಕೆ ನಮ್ಮ ಹತ್ತಿರ ಉಳಿತಾಯ ಇರಲಿಲ್ಲ.

ತುಮಕೂರು ಅರ್ಥಶಾಸ್ತ್ರ:

ಒಳ್ಳೆ ಚರ್ಚೆ. ನಾನು ಎಂಎ ಓದುತ್ತಿದ್ದೇನೆ, ಪುಸ್ತಕದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

ಮುಕ್ತ ಮಾರುಕಟ್ಟೆ ಅಂದಕೂಡಲೇ ನಾವು ಹೆಸರಿಸುವ ಆಡಂ ಸ್ಮಿತ್, ಗ್ಲಾಸ್ಗೋದಲ್ಲಿ ಪಾಠ ಹೇಳುತ್ತಿದ್ದದ್ದು ನೀತಿಶಾಸ್ತ್ರವನ್ನು. ಒಂದೇ ಕಸುಬಿನ ವ್ಯಾಪಾರಿಗಳು ಒಂದು ಕಡೆ ಸೇರಿದರೆ ಮಾತು ಕೊನೆಗೆ ಬೆಲೆ ಏರಿಸುವ ಒಳಸಂಚಿಗೇ ಹೋಗುತ್ತದೆ ಅಂತ 1776ರಲ್ಲೇ ಎಚ್ಚರಿಸಿದ್ದರು. ಅಂದರೆ ಅವರು ವ್ಯಾಪಾರಿಗಳ ಪರ ನಿಂತಿರಲಿಲ್ಲ, ಪೈಪೋಟಿಯ ಪರ ನಿಂತಿದ್ದರು. ಎರಡೂ ಒಂದೇ ಅಂತ ತಿಳಿದಿದ್ದರಿಂದಲೇ ನಮ್ಮಲ್ಲಿ ಅರ್ಧ ಜಗಳ ಹುಟ್ಟಿದೆ. ಹರಾಜಿನಲ್ಲಿ ಖರೀದಿದಾರರು ಒಳಗೊಳಗೇ ಮಾತಾಡಿಕೊಂಡು ದರ ಕೂಗಿದರೆ ಅದು ಮುಕ್ತ ಮಾರುಕಟ್ಟೆ ಅಲ್ಲ.

ಮುಕ್ತ ಮಾರುಕಟ್ಟೆ ಪರ ಇದ್ದ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಹಯೆಕ್ ಹೇಳಿದ್ದು ಬೆಲೆಯ ಬಗ್ಗೆ. ಎಲ್ಲಿ ಯಾವ ಸರಕು ಕಡಿಮೆ ಇದೆ ಅನ್ನುವ ಸುದ್ದಿ ಲಕ್ಷಾಂತರ ಜನರ ತಲೆಯಲ್ಲಿ ಚದುರಿದೆ, ಅದನ್ನು ಒಂದು ಕಚೇರಿ ಒಟ್ಟುಮಾಡೋಕೆ ಆಗಲ್ಲ, ಬೆಲೆ ಮಾತ್ರ ಆ ಸುದ್ದಿ ಮುಟ್ಟಿಸುತ್ತದೆ. ಗುಲಾಬಿ ಈರುಳ್ಳಿ ನಿಷೇಧ ಇದಕ್ಕೆ ಸರಿಯಾದ ಉದಾಹರಣೆ. ಆದೇಶ ಬರೆದ ಕಚೇರಿ ಅದನ್ನೂ ಬೇರೆ ಈರುಳ್ಳಿಗಳ ಜೊತೆಗೇ ಸೇರಿಸಿತು. ಆದರೆ ಇದೇ ಹಯೆಕ್, ದುಡಿದು ತಿನ್ನೋಕೆ ಆಗದವರಿಗೆ ಸರ್ಕಾರ ಒಂದು ಕನಿಷ್ಠ ಆದಾಯ ಕೊಡಬಹುದು ಅಂತಲೂ ಬರೆದಿದ್ದಾರೆ. ಅದೇ ಪಂಥದ ಅರ್ಥಶಾಸ್ತ್ರಜ್ಞ ಫ್ರೀಡ್‌ಮನ್ 1962ರಲ್ಲಿ ಇನ್ನೂ ಮುಂದೆ ಹೋಗಿ, ಆದಾಯ ಒಂದು ಮಟ್ಟಕ್ಕಿಂತ ಕೆಳಗಿದ್ದರೆ ತೆರಿಗೆ ಇಲಾಖೆಯೇ ದುಡ್ಡು ಕೊಡಲಿ ಅಂದರು. ಮೂಡಲಸೀಮೆ ಅಣ್ಣ ಹೇಳುತ್ತಿರುವುದು ಹೆಚ್ಚುಕಡಿಮೆ ಇದನ್ನೇ.

ಟೊಮೆಟೊ ಬಗ್ಗೆಯೂ ಒಂದು ಮಾತು. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿದಾಗ ಕೇಂದ್ರ ಎರಡು ಕೆಲಸ ಮಾಡಿತು. ನಾಫೆಡ್, ಎನ್‌ಸಿಸಿಎಫ್ ಅನ್ನುವ ಸಹಕಾರಿ ಸಂಸ್ಥೆಗಳ ಮೂಲಕ ನಮ್ಮ ಕಡೆಯ ಮಂಡಿಗಳಲ್ಲಿ ಕೊಂಡು ದೆಹಲಿಯಲ್ಲಿ ಮೊದಲು ಕೆಜಿಗೆ 90 ರೂಪಾಯಿಯಂತೆ ಮಾರಿತು. ಆಮೇಲೆ ನೇಪಾಳದಿಂದ ತರಿಸಿತು. ಮೊದಲನೆಯದರಲ್ಲಿ ರೈತನಿಗೆ ನಷ್ಟ ಇಲ್ಲ. ಸರ್ಕಾರವೂ ಒಬ್ಬ ಖರೀದಿದಾರ ಆಯಿತು, ವ್ಯತ್ಯಾಸವನ್ನು ಬೊಕ್ಕಸ ಹೊತ್ತಿತು. ರಫ್ತು ನಿಷೇಧ ಹಾಗಲ್ಲ. ಅದರಲ್ಲಿ ವ್ಯತ್ಯಾಸವನ್ನು ಹೊರುವವನು ರೈತ. ಹಸ್ತಕ್ಷೇಪ ಅಂತ ಎರಡನ್ನೂ ಒಂದೇ ಚೀಲಕ್ಕೆ ತುಂಬಬಾರದು.

ಮುಳಬಾಗಿಲು ಮೂಡಲಸೀಮೆ:

ತಮ್ಮಾ, ಚೆನ್ನಾಗಿ ಬಿಡಿಸಿ ಹೇಳಿದ್ದೀರಿ.

ಶಿಡ್ಲಘಟ್ಟದವರಿಗೆ. ತೂಕ ಸರಿ ಇರಬೇಕು, ಹೇಳಿದ ದಿನ ದುಡ್ಡು ಬರಬೇಕು. ಇದು ಸರ್ಕಾರದ ಕೆಲಸ ಅಂತ ನಾನೂ ಒಪ್ಪುತ್ತೇನೆ. ಮೋಸ ತಡೆಯದ ಮಾರುಕಟ್ಟೆಯನ್ನು ಮುಕ್ತ ಅಂತ ಕರೆಯೋಕೆ ಆಗಲ್ಲ. ಕಾಯ್ದೆ ಪ್ರಕಾರ ಎಪಿಎಂಸಿಯಲ್ಲಿ ಕಮಿಷನ್ ಕೊಡಬೇಕಾದವನು ಕೊಳ್ಳುವವನು. ಆದರೂ ಅಧಿಕೃತ ರಸೀದಿ ಕೊಡದೆ ಬಿಳಿ ಚೀಟಿಯಲ್ಲಿ ರೈತನಿಂದಲೇ ಕಮಿಷನ್ ಕಳೆಯುವ ಮಂಡಿಗಳಿವೆ. ಬಿತ್ತನೆಗೆ ಮುಂಗಡ ಕೊಟ್ಟವನ ಮಂಡಿಗೇ ಬಾಕ್ಸ್ ಹಾಕಬೇಕು. ಕಾಯ್ದೆ ಇದೆ, ಇನ್ಸ್‌ಪೆಕ್ಟರ್ ಇದ್ದಾರೆ, ಯಾರೂ ಕೇಳಲ್ಲ. ಮಾಡಬೇಕಾದ ಕೆಲಸ ಬಿಟ್ಟು ಸರ್ಕಾರ ಬೆಲೆ ನಿಯಂತ್ರಣಕ್ಕೆ ಇಳಿದಿದೆ ಅನ್ನುವುದೇ ನನ್ನ ಸಿಟ್ಟು. ಅದಕ್ಕೆ ನನಗೆ ಎರಡನೇ ಬಾಗಿಲು ಬೇಕು. ಒಂದೇ ಮಂಡಿ ಇದ್ದರೆ ಮುಂಗಡ ಕೊಟ್ಟವನು ದೊರೆ. ಎದುರುಗಡೆ ಇನ್ನೊಬ್ಬ ಕೊಳ್ಳುವವನು ಇದ್ದರೆ ಇವನೂ ದಾರಿಗೆ ಬರುತ್ತಾನೆ.

ರೇಷ್ಮೆ ಸುಂಕದ ಬಗ್ಗೆ. ಸುಂಕ ಏರಿದರೆ ಗೂಡಿಗೆ ದರ ಬರುತ್ತದೆ, ಸರಿ. ಆ ದುಡ್ಡು ಎಲ್ಲಿಂದ ಬರುತ್ತದೆ? ನೂಲು ಕೊಳ್ಳುವ ನೇಕಾರನಿಂದ. ಮಗ್ಗದವರು ನಮಗಿಂತ ಅನುಕೂಲಸ್ಥರಾ? ಒಬ್ಬ ಬಡವನ ಜೇಬಿನಿಂದ ಇನ್ನೊಬ್ಬ ಬಡವನ ಜೇಬಿಗೆ ಹಾಕಿ ಅದನ್ನು ರಕ್ಷಣೆ ಅನ್ನಬೇಕಾ? ದಿಢೀರನೆ ಇಳಿಸಿದ್ದು ಕ್ರೂರ, ಅದನ್ನು ಒಪ್ಪುತ್ತೇನೆ. ಮೊದಲೇ ಹೇಳಿ ನಿಧಾನಕ್ಕೆ ಇಳಿಸಬೇಕಿತ್ತು. ನಷ್ಟ ಆದವರಿಗೆ ನೇರವಾಗಿ ಕೊಡಬೇಕಿತ್ತು.

ಪಾವಗಡ ಟೀಚರ್:

ನನಗೆ ಇಲ್ಲಿ ಬೇರೆ ತರಹದ ಪ್ರಶ್ನೆ ಕಾಣುತ್ತದೆ.

ನಮ್ಮ ತಾಲ್ಲೂಕಿನ ಸೋಲಾರ್ ಪಾರ್ಕ್ ಎಲ್ಲರಿಗೂ ಗೊತ್ತು. 2,050 ಮೆಗಾವಾಟ್, ಸುಮಾರು 13,000 ಎಕರೆ. ಅಲ್ಲಿ ಸರ್ಕಾರ ಜಮೀನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ತೆಗೆದುಕೊಂಡಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ 5% ಏರಿಕೆ. ಜಮೀನು ರೈತನ ಹೆಸರಲ್ಲೇ ಉಳಿಯಿತು. ಮಳೆ ಇಲ್ಲದೆ ಶೇಂಗಾ ಒಣಗಿಸಿಕೊಂಡು ಬೆಂಗಳೂರಿಗೆ ಹೊರಟಿದ್ದವರಿಗೆ ಇದು ದೊಡ್ಡ ಆಸರೆ. ಯಾರನ್ನೂ ಬಲವಂತ ಮಾಡದೆ ಒಪ್ಪಂದದಿಂದ ಆದ ಕೆಲಸ ಅಂತ ನಾನೂ ಹೆಮ್ಮೆಯಿಂದ ಹೇಳುತ್ತೇನೆ.

ಆದರೆ ನನ್ನ ಕ್ಲಾಸಿನ ಮಕ್ಕಳನ್ನು ನೋಡಿ. ನಲವತ್ತು ಎಕರೆ ಇರುವವರ ಮನೆಗೆ ವರ್ಷಕ್ಕೆ ಎಂಟು ಲಕ್ಷಕ್ಕಿಂತ ಜಾಸ್ತಿ. ಎರಡು ಎಕರೆಯವರಿಗೆ 42,000. ಜಮೀನೇ ಇಲ್ಲದವರಿಗೆ ಸೊನ್ನೆ. ಮೊದಲು ಅದೇ ಹೊಲಗಳಲ್ಲಿ ಅವರಿಗೆ ಕಳೆ ಕೀಳುವ ಕೂಲಿ ಇತ್ತು, ಕುರಿ ಮೇಯಿಸೋಕೆ ಬಯಲಿತ್ತು. ಈಗ ಬೇಲಿ ಇದೆ. ಹುಲ್ಲು ಕತ್ತರಿಸುವ, ಪ್ಯಾನಲ್ ತೊಳೆಯುವ, ಕಾವಲು ಕಾಯುವ ಕೆಲಸ ಕೆಲವರಿಗೆ ಸಿಕ್ಕಿತು, ಅಷ್ಟೇ. ಒಪ್ಪಂದಕ್ಕೆ ಸಹಿ ಹಾಕಿದ ಇಬ್ಬರಿಗೂ ಲಾಭ. ಸಹಿ ಹಾಕೋಕೆ ಏನೂ ಇಲ್ಲದ ಮೂರನೆಯವನು ಆ ಕಾಗದದಲ್ಲಿ ಎಲ್ಲೂ ಇಲ್ಲ. ಒಪ್ಪಿ ಮಾಡಿದ ವ್ಯವಹಾರ ಎಲ್ಲವೂ ನ್ಯಾಯ ಅನ್ನುವವರು ಇವನಿಗೆ ಏನು ಉತ್ತರ ಕೊಡುತ್ತಾರೆ?

ವೇಮಗಲ್ ಹೋಬಳಿ:

ಟೀಚರ್, ಕನಿಷ್ಠ ನಿಮ್ಮಲ್ಲಿ ಕೇಳಿ ತೆಗೆದುಕೊಂಡರು. ಕೈಗಾರಿಕೆಗೆ ಅಂತ ನೋಟಿಸ್ ಕೊಟ್ಟು, ಸರ್ಕಾರ ಹೇಳಿದ ದರಕ್ಕೆ ಜಮೀನು ಪಡೆದು, ಕಂಪನಿಗಳಿಗೆ ಹಂಚುವುದನ್ನು ಯಾರಾದರೂ ಮಾರುಕಟ್ಟೆ ಅಂತ ಕರೆದರೆ ನನಗೆ ನೋವಾಗುತ್ತದೆ. ಮಾರಲ್ಲ ಅನ್ನುವ ಹಕ್ಕು ಇದ್ದಾಗ ಮಾತ್ರ ಮಾರಿದ್ದಕ್ಕೆ ಅರ್ಥ. ಪಕ್ಕದ ದೇವನಹಳ್ಳಿ ರೈತರು ವರ್ಷಗಟ್ಟಲೆ ಹೋರಾಡಿದ ಮೇಲೆ 2025ರ ಜುಲೈನಲ್ಲಿ 1,777 ಎಕರೆ ಸ್ವಾಧೀನ ಕೈಬಿಟ್ಟರು. ಆ ಹೋರಾಟಕ್ಕೆ ಎಡ, ಬಲ ಅಂತ ಏನು ಹೆಸರು ಬೇಕಾದರೂ ಇಡಿ. ನನ್ನ ದೃಷ್ಟಿಯಲ್ಲಿ ಅದು ಆಸ್ತಿ ಹಕ್ಕಿನ ಹೋರಾಟ.

ಬಂಗಾರಪೇಟೆ ಜಂಕ್ಷನ್:

ಆಸ್ತಿ ಹಕ್ಕು ಅಂದಿರಿ. ಹಾಗಾದರೆ ಆಸ್ತಿ ಯಾರ ಹತ್ತಿರ ಹೇಗೆ ಬಂತು ಅನ್ನುವುದನ್ನೂ ಕೇಳಬೇಕು.

ನಮ್ಮ ತಾತ ಕೂಲಿ, ಅವರಪ್ಪನೂ ಕೂಲಿ. ಜಮೀನು ಕೊಳ್ಳೋಕೆ ದುಡ್ಡಿರಲಿಲ್ಲ ಅನ್ನುವುದು ಅರ್ಧ ಸತ್ಯ. ದುಡ್ಡಿದ್ದರೂ ನಮ್ಮ ಕೇರಿಯವರಿಗೆ ಊರಲ್ಲಿ ಯಾರೂ ಮಾರುತ್ತಿರಲಿಲ್ಲ. ಮಾರುಕಟ್ಟೆಗೆ ಜಾತಿ ಇಲ್ಲ ಅಂತ ಹೇಳುವವರು ಇವತ್ತಿಗೂ ಬಾಡಿಗೆ ಮನೆ ಹುಡುಕುವ ನಮ್ಮ ಹುಡುಗರ ಜೊತೆ ಒಂದು ದಿನ ಓಡಾಡಲಿ. ಅಂಬೇಡ್ಕರ್ 1947ರಲ್ಲಿ ಕೃಷಿ ಭೂಮಿ ಸರ್ಕಾರದ ಕೈಲಿರಬೇಕು ಅಂತ ಬರೆದರು. ಅವರು ಅರ್ಥಶಾಸ್ತ್ರ ಓದದೆ ಬರೆದಿದ್ದಲ್ಲ.

ಕೊನೆಗೆ ಜಮೀನು ಬಂದಿದ್ದು ಸರ್ಕಾರ ಮಂಜೂರು ಮಾಡಿದಾಗ. ಅದೂ ಕೈಬಿಟ್ಟು ಹೋಗುತ್ತಿತ್ತು. ಮದುವೆಗೆ, ಆಸ್ಪತ್ರೆಗೆ ಅಂತ ಸಾಲ ಕೊಟ್ಟವರು ಬರೆಸಿಕೊಳ್ಳುತ್ತಿದ್ದರು. ಎಸ್‌ಸಿ, ಎಸ್‌ಟಿಯವರಿಗೆ ಮಂಜೂರಾದ ಜಮೀನು ಕೈತಪ್ಪದಂತೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಬಂದ ಮೇಲೆ ಸರ್ಕಾರದ ಅನುಮತಿ ಇಲ್ಲದೆ ಆ ಜಮೀನು ಪರಭಾರೆ ಮಾಡಿದರೆ ಅದು ಅಸಿಂಧು. ವಾಪಸ್ ಕೇಳೋಕೆ ಕಾಲಮಿತಿ ಇಲ್ಲ ಅಂತ 2023ರಲ್ಲಿ ತಿದ್ದುಪಡಿಯೂ ಆಯಿತು. ಇದು ನೇರವಾಗಿ ಮಾರುಕಟ್ಟೆಗೆ ಹಾಕಿದ ಬೀಗ. ಈ ಬೀಗ ಇಲ್ಲದಿದ್ದರೆ ನಮ್ಮ ಪಹಣಿಯಲ್ಲಿ ನಮ್ಮ ಹೆಸರು ಇರುತ್ತಿರಲಿಲ್ಲ.

ಕೆಜಿಎಫ್ ಚಿನ್ನದ ಗಣಿಯನ್ನೂ ನೋಡಿ. ಮೊದಲು ಬ್ರಿಟಿಷ್ ಕಂಪನಿ, 1956ರಿಂದ ಸರ್ಕಾರದ್ದು, 2001ರ ಫೆಬ್ರವರಿ ಕೊನೆಗೆ ಬೀಗ. ಕೆಳಗಿಳಿದು ದುಡಿದವರ ಮಕ್ಕಳು ಈಗ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ಬರುತ್ತಾರೆ. ಕಂಪನಿ ಇದ್ದಾಗಲೂ ಸರ್ಕಾರ ಇದ್ದಾಗಲೂ ಮೊದಲು ಕೈಬಿಟ್ಟಿದ್ದು ಇವರನ್ನೇ.

ತುಮಕೂರು ಅರ್ಥಶಾಸ್ತ್ರ:

ಬಂಗಾರಪೇಟೆ ಅಣ್ಣನ ಮಾತಿಗೆ ಮಾರುಕಟ್ಟೆ ಪರ ಇರುವವರ ಒಳಗೇ ಉತ್ತರ ಇದೆ. ಅದನ್ನು ಅವರೇ ಹೆಚ್ಚು ಹೇಳುವುದಿಲ್ಲ.

ಹಾರ್ವರ್ಡ್‌ನಲ್ಲಿ ಒಂದೇ ವಿಭಾಗದಲ್ಲಿ ಇಬ್ಬರು ತತ್ವಶಾಸ್ತ್ರಜ್ಞರಿದ್ದರು. ರಾಲ್ಸ್ 1971ರಲ್ಲಿ, ತೀರಾ ಕೆಳಗಿರುವವರಿಗೆ ಅನುಕೂಲ ಆಗುವಂತಿದ್ದರೆ ಮಾತ್ರ ಅಸಮಾನತೆ ಒಪ್ಪಬಹುದು ಅಂದರು. ನೊಜಿಕ್ 1974ರಲ್ಲಿ ಎದುರುವಾದ ಹೂಡಿದರು. ಒಬ್ಬ ಒಳ್ಳೆ ಆಟಗಾರನ ಆಟ ನೋಡೋಕೆ ಸಾವಿರಾರು ಜನ ಖುಷಿಯಿಂದ ಕಾಸು ಕೊಟ್ಟು ಅವನು ಶ್ರೀಮಂತನಾದರೆ, ಅದರಲ್ಲಿ ಅನ್ಯಾಯ ಎಲ್ಲಿದೆ ಅಂತ ಕೇಳಿದರು. ಎಷ್ಟಿದೆ ಅನ್ನುವುದಕ್ಕಿಂತ ಹೇಗೆ ಬಂತು ಅನ್ನುವುದು ಮುಖ್ಯ ಅನ್ನುವುದು ಅವರ ವಾದ.

ಆದರೆ ನೊಜಿಕ್ ಮೂರು ನಿಯಮ ಹೇಳಿದ್ದರು. ಮೊದಲು ಗಳಿಸಿದ್ದು ನ್ಯಾಯವಾಗಿರಬೇಕು. ಕೈ ಬದಲಾದದ್ದು ನ್ಯಾಯವಾಗಿರಬೇಕು. ಇವೆರಡರಲ್ಲಿ ಅನ್ಯಾಯ ಆಗಿದ್ದರೆ ಅದನ್ನು ಸರಿಪಡಿಸಬೇಕು. ಆ ಮೂರನೆಯದನ್ನು ಬಿಟ್ಟು ಮೊದಲೆರಡನ್ನು ಮಾತ್ರ ಹೇಳುವುದು ಪ್ರಾಮಾಣಿಕತೆ ಅಲ್ಲ. ತಲೆಮಾರುಗಳಿಂದ ಒಬ್ಬರಿಗೆ ಕೊಳ್ಳೋಕೇ ಬಿಡದಿದ್ದರೆ, ಜಮೀನು ಮಂಜೂರಾತಿಯನ್ನು ಭಿಕ್ಷೆ ಅನ್ನೋಕೆ ಆಗಲ್ಲ. ಮುಕ್ತ ಮಾರುಕಟ್ಟೆಯ ಲೆಕ್ಕದಲ್ಲೇ ಅದು ಬಾಕಿ ತೀರಿಸಿದ್ದು.

ತಿಪಟೂರು ತೆಂಗು:

ಸ್ವಾಮಿ, ಬೆಂಬಲ ಬೆಲೆ ವಿಷಯ ಯಾರೂ ಎತ್ತಲಿಲ್ಲ. 2024ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,000. ಪೇಟೆ ದರ ಕೆಳಗಿದ್ದಾಗ ನಾಫೆಡ್ ಖರೀದಿಗೆ ಹೆಸರು ಬರೆಸೋಕೆ ನಮ್ಮವರು ರಾತ್ರಿಯಿಡೀ ಸಾಲು ನಿಂತರು. ಮರುವರ್ಷ ಪೇಟೆಯೇ ಏರಿತು, ಆಗ ನಾಫೆಡ್ ಕಡೆ ಯಾರೂ ತಿರುಗಿ ನೋಡಲಿಲ್ಲ. ಬಿದ್ದಾಗ ಹಿಡಿಯುವ ಕೈ ಬೇಕು, ಏರಿದಾಗ ಎಳೆಯುವ ಕೈ ಬೇಡ. ನನಗೆ ಗೊತ್ತಿರುವುದು ಇಷ್ಟೇ.

ಕೋಲಾರ ಪೇಟೆ ಅಕ್ಕ:

ಗಂಡಸರೇ ಜಾಸ್ತಿ ಮಾತಾಡುತ್ತಿದ್ದೀರಿ, ನಾನೂ ಹೇಳುತ್ತೇನೆ. ದುಡ್ಡು ಕೊಟ್ಟುಬಿಡಿ, ಬೆಲೆ ಮುಟ್ಟಬೇಡಿ ಅನ್ನುವುದು ಕೇಳೋಕೆ ಚೆನ್ನಾಗಿದೆ. ನಮ್ಮ ರಾಜ್ಯದಲ್ಲಿ ಅದು ನಡೆದೂ ಇದೆ. 2023ರ ಜುಲೈಯಿಂದ ಅನ್ನಭಾಗ್ಯದ ಹೆಚ್ಚುವರಿ 5 ಕೆಜಿ ಅಕ್ಕಿ ಸಿಗದೆ, ಕೆಜಿಗೆ 34 ರೂಪಾಯಿ ಲೆಕ್ಕದಲ್ಲಿ ತಲೆಗೆ 170 ರೂಪಾಯಿ ಖಾತೆಗೆ ಹಾಕಿದರು. 34 ರೂಪಾಯಿಗೆ ಅಂಗಡಿಯಲ್ಲಿ ಊಟ ಮಾಡುವಂಥ ಅಕ್ಕಿ ಸಿಗುತ್ತಾ? ಒಂದು ತಿಂಗಳು ಬಂದರೆ ಇನ್ನೊಂದು ತಿಂಗಳು ತಡ. ದರ ಏರಿದರೂ 170 ಏರಲಿಲ್ಲ. 2025ರಲ್ಲಿ ಮತ್ತೆ ಅಕ್ಕಿಯೇ ಬಂತು, ನಮ್ಮ ಬೀದಿಯ ಹೆಂಗಸರಿಗೆ ನೆಮ್ಮದಿ ಆಯಿತು.

ಹಾಗಂತ ನಾನು ದುಡ್ಡಿನ ವಿರೋಧಿ ಅಲ್ಲ. ಗೃಹಲಕ್ಷ್ಮಿಯ 2,000 ನನ್ನ ಹೆಸರಿಗೆ ಬರುತ್ತದೆ, ಏನಕ್ಕೆ ಖರ್ಚು ಮಾಡಬೇಕು ಅಂತ ಯಾರನ್ನೂ ಕೇಳಬೇಕಾಗಿಲ್ಲ. ಆ ಸ್ವಾತಂತ್ರ್ಯ ದೊಡ್ಡದು. ದುಡ್ಡು ಕೊಡಿ ಅನ್ನುವವರು ಬೆಲೆ ಏರಿದ ಹಾಗೆ ಅದನ್ನೂ ಏರಿಸುತ್ತೇವೆ ಅಂತ ಬರೆದು ಕೊಡಲಿ. ಆಗ ನಾನೂ ನಿಮ್ಮ ಕಡೆ.

ಮುಳಬಾಗಿಲು ಮೂಡಲಸೀಮೆ:

ಅಕ್ಕ, ಆ ಷರತ್ತು ನ್ಯಾಯವಾದದ್ದು. ದರಕ್ಕೆ ತಕ್ಕಂತೆ ಏರದ ದುಡ್ಡು ವರ್ಷ ವರ್ಷ ಕರಗುತ್ತದೆ.

ಈಗ ನಮ್ಮ ರೈತರಿಗೇ ಕಹಿ ಆಗುವ ಮಾತು. ನನಗೂ ಬೋರ್‌ವೆಲ್ ಇದೆ, ಅದಕ್ಕೇ ಹೇಳಬೇಕು. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ. ಬಡ ರೈತನಿಗೆ ಅಂತ ಮಾಡಿದ್ದು. ಯಾರಿಗೆ ಸಿಗುತ್ತದೆ? ಸಾವಿರ, ಸಾವಿರದೈನೂರು ಅಡಿ ಕೊರೆಸೋಕೆ ದುಡ್ಡಿದ್ದವನಿಗೆ. ರಾಗಿ, ಹುರುಳಿ ಬಿತ್ತಿ ಮಳೆ ನೋಡುತ್ತಾ ಕೂರುವವನಿಗೆ ಇದರಲ್ಲಿ ಒಂದು ಪೈಸೆ ಇಲ್ಲ. ಹೆಚ್ಚು ಮೋಟರ್ ಇದ್ದವನಿಗೆ ಹೆಚ್ಚು ಸಹಾಯ. ಕರೆಂಟಿಗೆ ಬೆಲೆ ಇಲ್ಲ ಅಂದಮೇಲೆ ನೀರಿಗೂ ಬೆಲೆ ಇಲ್ಲ. ಆಳಕ್ಕೆ ಹೋದವನು ಪಕ್ಕದವನ ನೀರನ್ನೂ ಎಳೆದುಕೊಳ್ಳುತ್ತಾನೆ. ಪಕ್ಕದವನ ಬೋರ್ ಬತ್ತಿದಾಗ ಅವನ ಸಾಲ ಹಾಗೇ ಇರುತ್ತದೆ. ಕೋಲಾರ ಜಿಲ್ಲೆಯ ಎಲ್ಲ ತಾಲ್ಲೂಕಲ್ಲೂ ಅಂತರ್ಜಲ ಅತಿಯಾಗಿ ಬಳಕೆಯಾಗಿದೆ ಅಂತ ಸರ್ಕಾರದ ವರದಿಗಳೇ ಹೇಳುತ್ತವೆ. 2018ರಿಂದ ಕೆಸಿ ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಕೆರೆಗೆ ಬಂದು ಕೆಲವು ಕಡೆ ಬೋರ್ ಮತ್ತೆ ಜೀವ ಪಡೆದಿದೆ. ಅದನ್ನೂ ಇದೇ ರೀತಿ ಎಳೆದರೆ ಎಷ್ಟು ದಿನ?

ಕರೆಂಟಿಗೆ ಮೀಟರ್ ಹಾಕಿ. ಅದೇ ದುಡ್ಡನ್ನು ಎಕರೆ ಲೆಕ್ಕದಲ್ಲಿ, ಒಂದು ಮಿತಿಯವರೆಗೆ, ಖುಷ್ಕಿ ರೈತನಿಗೂ ಸೇರಿಸಿ ಕೊಡಿ. ಕಡಿಮೆ ನೀರು ಬಳಸಿದವನಿಗೆ ದುಡ್ಡು ಉಳಿಯಲಿ. ಇದನ್ನು ಹೇಳಿದರೆ ನಮ್ಮೂರಲ್ಲೇ ಬೈಯುತ್ತಾರೆ. ಆದರೂ ಇದು ಸರಿ.

ಪಾವಗಡ ಟೀಚರ್:

ಎಕರೆ ಲೆಕ್ಕ ಅಂದಕೂಡಲೇ ಜಮೀನಿಲ್ಲದವರು ಮತ್ತೆ ಹೊರಗೆ ಉಳಿದರು, ಅಣ್ಣ. ತಲೆ ಲೆಕ್ಕದಲ್ಲಿ ಕೊಡಿ. ಅಂತರ್ಜಲ ಯಾರೊಬ್ಬರು ಬೆಳೆದದ್ದೂ ಅಲ್ಲ, ದುಡಿದದ್ದೂ ಅಲ್ಲ. ನಿಮ್ಮ ವಾದದ ಪ್ರಕಾರವೇ ಅದು ಊರಿನ ಎಲ್ಲರದು. ಸೋಲಾರ್ ಪಾರ್ಕಿನಲ್ಲೂ ನಾನು ಇದನ್ನೇ ಕೇಳುತ್ತೇನೆ. ಪಟ್ಟಾ ಜಮೀನಿನ ಬಾಡಿಗೆ ಪಟ್ಟಾದಾರರಿಗೆ ಹೋಗಲಿ. ಊರವರೆಲ್ಲ ಕುರಿ ಬಿಡುತ್ತಿದ್ದ ಬಯಲಿಗೆ ಬೆಲೆ ಕಟ್ಟಿ ಆ ದುಡ್ಡು ಜಮೀನಿಲ್ಲದ ಮನೆಗಳಿಗೆ ಬರಲಿ.

ಮುಳಬಾಗಿಲು ಮೂಡಲಸೀಮೆ:

ನೀರಿನ ವಿಷಯದಲ್ಲಿ ತಲೆ ಲೆಕ್ಕಕ್ಕೆ ನನ್ನ ಒಪ್ಪಿಗೆ ಇದೆ ಟೀಚರ್. ಅದಕ್ಕೆ ಎದುರಾಗಿ ಹೇಳೋಕೆ ನನ್ನ ಹತ್ತಿರ ನ್ಯಾಯವಾದ ಮಾತಿಲ್ಲ.

ಬಂಗಾರಪೇಟೆ ಅಣ್ಣನಿಗೆ ಒಂದು ಪ್ರಶ್ನೆ. ಪಿಟಿಸಿಎಲ್‌ನಲ್ಲಿ ಪರಭಾರೆ ಅಂದರೆ ಮಾರಾಟ ಮಾತ್ರ ಅಲ್ಲ. ಅಡಮಾನ, ಗುತ್ತಿಗೆ ಎರಡೂ ಅದರಲ್ಲೇ ಬರುತ್ತವೆ. ಪಕ್ಕದ ಪಟ್ಟಾದಾರ ನರ್ಸರಿಯವರಿಗೆ ಗುತ್ತಿಗೆ ಕೊಟ್ಟು ಬಾಡಿಗೆ ಎಣಿಸುವಾಗ ಮಂಜೂರಾತಿ ಜಮೀನಿನವರು ಅನುಮತಿಗೆ ಅರ್ಜಿ ಹಿಡಿದು ಅಲೆಯಬೇಕು. ಮಾರಾಟದ ಬೀಗ ಇರಲಿ. ಗುತ್ತಿಗೆಯ ಬೀಗವನ್ನಾದರೂ ತೆಗೆಯಬಾರದಾ?

ಬಂಗಾರಪೇಟೆ ಜಂಕ್ಷನ್:

ಮೂವತ್ತು ವರ್ಷದ ಗುತ್ತಿಗೆ ಅಂದರೆ ಹೆಸರಿಗೆ ಮಾತ್ರ ಗುತ್ತಿಗೆ. ಪೂರ್ತಿ ಮುಂಗಡ ಕೊಟ್ಟು ಬರೆಸಿಕೊಂಡರೆ ಅದು ಮಾರಾಟವೇ. ಹಳೇ ಆಟ ಹೊಸ ಕಾಗದದಲ್ಲಿ ಶುರುವಾಗುತ್ತದೆ.

ಆದರೆ ಮೂರು ವರ್ಷ, ಹೆಚ್ಚೆಂದರೆ ಐದು ವರ್ಷ. ಬಾಡಿಗೆ ವರ್ಷಕ್ಕೊಮ್ಮೆ ಬ್ಯಾಂಕ್ ಖಾತೆಗೆ, ಗಂಡ ಹೆಂಡತಿ ಇಬ್ಬರ ಹೆಸರಿಗೆ. ಮುಂಗಡ ಒಂದು ವರ್ಷಕ್ಕಿಂತ ಜಾಸ್ತಿ ಇಲ್ಲ. ಅನುಮತಿ ಬೇಡ, ನೋಂದಣಿ ಸಾಕು. ಈ ಷರತ್ತಿನ ಮೇಲೆ ತೆಗೆಯುತ್ತೇವೆ ಅಂದರೆ ನಮ್ಮ ಕೇರಿಯಲ್ಲಿ ಕೂತು ಮಾತಾಡೋಕೆ ನಾನು ತಯಾರು. ಅಡಮಾನದ ಬೀಗ ಮಾತ್ರ ಮುಟ್ಟಬೇಡಿ. ಜಮೀನು ಹೋಗಿದ್ದೇ ಆ ಬಾಗಿಲಿನಿಂದ.